ಕಳೆ

ಹಗಲು ನಲವತ್ಮೂರು ದಾಟಿದರೆ ಲೇಸರಿನ ನೀರು ಕಾಯುತ್ತದೆ,
ಹಾಗಾಗಿ ಕಲಬುರಗಿಯಲ್ಲಿ ನಾವು ರಾತ್ರಿ ಹನ್ನೊಂದರ ಮೇಲೆ
ಉರಿಯನ್ನು ಪ್ರಶ್ನಿಸುತ್ತೇವೆ.
ಕಿಟಕಿಗೆ ಕರಿ ಕಾಗದ, ಬಾಗಿಲಿಗೆ ಕೆಂಪು ದೀಪ,
ಒಳಗೆ ಹೆಬ್ಬೆರಳಷ್ಟು ಜ್ವಾಲೆ,
ಬುಡದಲ್ಲಿ ನೀಲಿ, ಮೇಲೆ ಚಿಮಣಿ ಬುಡ್ಡಿಯ ಹಳದಿ.

ನನಗೆ ಬೇಕಾದದ್ದು ಅದರ ಬಿಸಿ ಮಾತ್ರ.
ತಂತಿ ಚುಚ್ಚಿ ನೋಡಿದರೆ ತಂತಿಯೇ ಉರಿಯನ್ನು ಕದಡುತ್ತದೆ,
ಅದಕ್ಕೇ ಬೆಳಕನ್ನು ಕಳಿಸುವುದು:
ಎಂಟು ನ್ಯಾನೋಸೆಕೆಂಡಿನ ಹಸಿರು ಮಿಂಚು,
ಸಾರಜನಕವನ್ನು ತಟ್ಟಿ, ಅದು ಗೊಣಗುವ
ಕಿತ್ತಳೆಯ ಒಂದೆಳೆಯನ್ನು ಹಿಡಿದು ತರಲು.
ಕೋಟಿ ಕೋಟಿ ಹೋದರೆ ಮರಳುವುದು ಬೆರಳೆಣಿಕೆ.

ಆದರೆ ದಾರಿಯಲ್ಲಿ ಮಸಿ ಕೂತಿರುತ್ತದೆ.
ಕಣ್ಣಿಗೆ ಕಾಣದ ಕಣ, ಮೊದಲೇ ಕೆಂಡ,
ನಾನು ಕಳಿಸಿದ ಹಸಿರನ್ನು ತಾನೇ ನುಂಗಿ
ಇದ್ದ ಬಿಸಿಯ ಎರಡರಷ್ಟಾಗಿ
ಬೆಳ್ಳಗೆ ಕೂಗುತ್ತದೆ, ಎಲ್ಲ ಬಣ್ಣದಲ್ಲೂ.
ಮದುವೆ ಮನೆಯಲ್ಲಿ ಬಾಸಿಂಗದ ಹುಡುಗಿಯ ಹೆಸರು ಕೇಳಿದರೆ
ಬ್ಯಾಂಡಿನವರು ಉತ್ತರ ಕೊಟ್ಟ ಹಾಗೆ.

ಎರಡು ವರ್ಷ ಏನೇನು ಮಾಡಲಿಲ್ಲ.
ಮಿಂಚನ್ನು ಸಣ್ಣದು ಮಾಡಿದೆ: ಸಾರಜನಕ ಬಾಯಿ ಮುಚ್ಚಿತು.
ಜೋರು ಮಾಡಿದೆ: ಮಸಿ ಆವಿಯಾಗುತ್ತ ಇನ್ನೊಂದು ಹಸಿರು ಉಗುಳಿತು.
ಕ್ಯಾಮೆರಾದ ರೆಪ್ಪೆ ಬೇಗ ಮುಚ್ಚಿಸಿದೆ.
ಮಸಿಯ ಹೊಳಪು ನಿಧಾನ ಆರುವಂಥದು; ಬಾಲ ಕತ್ತರಿಸಿತು,
ತಲೆ ಉಳಿಯಿತು.
ಕೊನೆಗೆ ಮಠಪತಿ ಸರ್ ಹೇಳಿದರು:
ಸಾರಜನಕದ ಬೆಳಕು ಒಂದೇ ಗೆರೆಯಲ್ಲಿ ತೂಗುತ್ತದೆ,
ಮಸಿಯದಕ್ಕೆ ದಿಕ್ಕಿಲ್ಲ.
ಗಾಜನ್ನು ಅಡ್ಡ ತಿರುಗಿಸಿ ಮಸಿಯನ್ನಷ್ಟೇ ಅಳೆ,
ಬಂದದ್ದನ್ನು ಮೊತ್ತದಿಂದ ಕಳೆ.

ಕಳೆದೆ.
ಹಾಳೆಯ ಏಳನೇ ಕಾಲಮ್ಮಿಗೆ ‘ಗದ್ದಲ’ ಎಂದು ಹೆಸರಿಟ್ಟೆ,
ಯಾರ ಕಣ್ಣಿಗೂ ಬೀಳದಂತೆ ಮಡಚಿಟ್ಟೆ.

ದ್ರುಪತಿ ಚಿಗವ್ವ ಬುತ್ತಿ ತಂದ ರಾತ್ರಿ
ಕರೆಂಟು ಎರಡು ಸಲ ಹೋಗಿ ಬಂದಿತ್ತು.
ಗಂಜಿನ ಹಿಂದಿನ ಚುರಮುರಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷದಿಂದ
ಹೊಟ್ಟು ಒಟ್ಟಿ ಉಸುಕು ಕಾಯಿಸುವವಳು.
ಕಾವು ನೋಡಲು ಅವಳಿಗೆ ನಾಲ್ಕು ಕಾಳು ಅಕ್ಕಿ ಸಾಕು.
ಬಣ್ಣದ ಕನ್ನಡಕ ಹಾಕಿ ಕೂರಿಸಿದೆ,
ಮೂಗಿನ ಮೇಲೆ ನಿಲ್ಲಲಿಲ್ಲ, ದಾರ ಕಟ್ಟಿದೆ.
ಉರಿಯ ನಡುವೆ ಬಿಳಿ ಚುಕ್ಕೆ ಟಕ್ ಟಕ್ ಎನ್ನುವುದನ್ನು ನೋಡಿ
“ಯವ್ವಾ, ಅದೇನ ಹೊಳೀತದ?” ಎಂದಳು.
ಮಸಿ, ಎಂದೆ.
“ಮಸಿ ಹೊಳೀತದಾ!”
ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಮುಗಿಯಲಿಲ್ಲ.
ಹೊರಗೆ ಹೋಗಿ ಸೆರಗಿನಲ್ಲಿ ಉಗುಳಿ,
ನಾನು ನೋಡಬಾರದೆಂದು ಸೆರಗು ಮಡಚಿಕೊಂಡು ಬಂದು
“ಎಷ್ಟ್ ಅದ ಅಂತ ಗೊತ್ತಾಗ್ತದೇನ್ ನಿನ್ನ ಮಶೀನಿಗಿ?” ಎಂದು ಕೇಳಿದಳು.

ಬಿಸಿ ಗೊತ್ತಾಗ್ತದ ಚಿಗವ್ವಾ.

“ಬಿಸಿ ನನಗೂ ಗೊತ್ತದ. ಮಸಿ ಎಷ್ಟ್ ಅದ?”

ಅವಳು ಹೋದ ಮೇಲೆ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು
ಎಡಗೈಯಲ್ಲಿ ಏಳನೇ ಕಾಲಮ್ಮು ಬಿಡಿಸಿದೆ.
ಎಲ್ಲ ಇತ್ತು.
ಯಾವ ರಾತ್ರಿ, ಉರಿಯ ಯಾವ ಎತ್ತರದಲ್ಲಿ, ಎಷ್ಟು ಕೂಗಿತ್ತು.
ಮಸಿ ಹೆಚ್ಚಿದ್ದಲ್ಲಿ ಹೆಚ್ಚು, ಕಡಿಮೆ ಇದ್ದಲ್ಲಿ ಕಡಿಮೆ,
ಅಂಗಡಿ ಲೆಕ್ಕದಷ್ಟು ನೇರ.
ಎರಡು ವರ್ಷ ಉತ್ತರ ಹೇಳುತ್ತಲೇ ಇತ್ತು ಅದು,
ನಾನು ಕೇಳದ ಪ್ರಶ್ನೆಗೆ.

ತೊಗರಿ ಸಾಲಿನಲ್ಲಿ ಕಿತ್ತೆಸೆಯುವುದು ಕಳೆ.
ಚಿಗವ್ವನ ಹಳೇ ಫೋಟೋದಲ್ಲಿ ಮುಖದ ಮೇಲಿರುವುದೂ ಕಳೆ.
ನನ್ನ ಹಾಳೆಯಲ್ಲಿ ಅದು ಬರೀ ಒಂದು ಅಡ್ಡಗೆರೆ.

ಸರ್‌ಗೆ ಇನ್ನೂ ಹೇಳಿಲ್ಲ.
ಪ್ರಬಂಧದ ಹೆಸರು ಬದಲಾಗುತ್ತದೆ, ಬೈಯಬಹುದು.
ಸೋಮವಾರ ಭಟ್ಟಿಗೆ ಹೋಗುವುದು,
ಬಿಳಿ ಸೋಸುಕಾಗದ, ಸಣ್ಣ ಪಂಪು, ಒಂದು ಟೇಪು ತಗೊಂಡು.
ಅವಳು ಕೂರುವ ಮಣೆಯಿಂದ ಮೂಗಿನ ತನಕ
ಎಷ್ಟೆತ್ತರ ಎಂದು ಮೊದಲು ಅಳೆದುಕೊಳ್ಳಬೇಕು.